ಮಿತವ್ಯಯವೂ ದಾಸೋಹವೂ

ಗಳಿಸುವ ಕೈಗೆ ಒಂದು ಧರ್ಮವಿರುವಂತೆ ವೆಚ್ಚ ಮಾಡುವ ಕೈಗೂ ಒಂದು ಧರ್ಮವುಂಟು. ಕಾಯಕದ ಮಹಿಮೆಯನ್ನು ಭಕ್ತರು ಬಾಲ್ಯದಿಂದಲೂ ಕೇಳುತ್ತ ಬಂದಿರುವರು. ಬೆವರು ಸುರಿಸಿ ದುಡಿಯಬೇಕು, ಪರರ ಗಂಟಿಗೆ ಕೈಯಿಕ್ಕಬಾರದು, ತೂಕದಲ್ಲಿ ಮೋಸ ಮಾಡಬಾರದು ಎಂಬ ಮಾತುಗಳು ಮನೆಮನೆಯಲ್ಲಿಯೂ ನೆಲೆಸಿವೆ. ಆದರೆ ಸತ್ಯಶುದ್ಧವಾದ ಕಾಯಕದಿಂದ ಬಂದ ಹಣವು ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಅದರ ಗತಿಯೇನಾಗುವುದು, ಅದು ಯಾವ ಬಾಗಿಲಿನಿಂದ ಹೊರಗೆ ಹೋಗುವುದು, ಹೋಗುವಾಗ ಯಾರನ್ನು ತಣಿಸುವುದು, ಯಾರನ್ನು ನೋಯಿಸುವುದು ಎಂಬ ವಿಚಾರವು ಅಷ್ಟಾಗಿ ನಡೆಯುವುದಿಲ್ಲ. ಹಳ್ಳಿಯಲ್ಲಿ ಹೊಲ, ಹಿತ್ತಲು, ಹಯನು ಇದ್ದವನಿಗೆ ಈ ವಿಚಾರವು ಅಷ್ಟು ತೀವ್ರವಾಗಿ ಕಾಡದೆ ಇರಬಹುದು. ನೀರಿಗೂ ನೆರಳಿಗೂ ಹಣ ಎಣಿಸಬೇಕಾದ ನಗರವಾಸಿಗೆ ಇದು ದಿನದಿನದ ಪ್ರಶ್ನೆಯಾಗಿದೆ.

ವಿಜಾಪುರದ ಸ್ಟೇಷನ್ ರಸ್ತೆಯನ್ನೇ ನೋಡಬಹುದು. 2014ರ ನವೆಂಬರ್ 1ರಿಂದ ವಿಜಯಪುರವೆಂಬ ಹೆಸರನ್ನು ಪಡೆದಿರುವ ಈ ನಗರಕ್ಕೆ ಸೊಲ್ಲಾಪುರದ ಕಡೆಯಿಂದಾಗಲಿ ಗದುಗಿನ ಕಡೆಯಿಂದಾಗಲಿ ರೈಲಿನಲ್ಲಿ ಬಂದಿಳಿದವನಿಗೆ ಮೊದಲು ಕಣ್ಣಿಗೆ ಬೀಳುವುದು ಗೋಲಗುಮ್ಮಟ. ಅನಂತರ ಅವನನ್ನು ಊರೊಳಗೆ ಕರೆದೊಯ್ಯುವುದು ಈ ರಸ್ತೆ. ಹೋಟೆಲು, ಖಾನಾವಳಿ, ಬಟ್ಟೆಯಂಗಡಿ, ಔಷಧದಂಗಡಿ, ಮೊಬೈಲಿನಂಗಡಿ, ಕಂತಿನ ಮೇಲೆ ವಾಹನ ಕೊಡುವವರ ಫಲಕ, ಚಿನ್ನವಿಟ್ಟು ಸಾಲ ಕೊಡುವವರ ಫಲಕ ಇವೆಲ್ಲವೂ ನಗರದ ಇಂಥ ಬೀದಿಗಳಲ್ಲಿ ಒಂದರ ಪಕ್ಕದಲ್ಲೊಂದು ನಿಂತಿರುವುವು. ಟಿಕೋಟ, ಬಬಲೇಶ್ವರಗಳ ಸೀಮೆಯಿಂದ ಮಕ್ಕಳ ವಿದ್ಯೆಗಾಗಿ, ನೌಕರಿಗಾಗಿ ಬಂದು ಬಾಡಿಗೆಯ ಮನೆ ಹಿಡಿದವರು ದಿನಕ್ಕೆರಡು ಬಾರಿ ಇಂಥ ಬೀದಿಯಲ್ಲಿ ನಡೆದುಹೋಗುವರು. ಕಿಸೆಯಲ್ಲಿರುವುದು ಬೆಳಿಗ್ಗೆ ಎಷ್ಟು, ಸಂಜೆಗೆ ಎಷ್ಟು ಎಂಬುದನ್ನು ಅವರವರೇ ಬಲ್ಲರು. ಈಗಂತೂ ಕಿಸೆಗೆ ಕೈಹಾಕುವ ಶ್ರಮವೂ ತಪ್ಪಿದೆ. ಫೋನನ್ನು ಒಂದು ಚೌಕದ ಮುಂದೆ ಹಿಡಿದರೆ ಸಾಕು, ಹಣವು ಸದ್ದಿಲ್ಲದೆ ಹೊರಟುಹೋಗುವುದು. ನೋಟು ಎಣಿಸಿ ಕೊಡುವಾಗ ಮನಸ್ಸಿಗೆ ಆಗುತ್ತಿದ್ದ ಸಣ್ಣ ಅಳುಕು ಕೂಡ ಈಗ ಉಳಿದಿಲ್ಲ.

ದೃಷ್ಟಾಂತಕ್ಕಾಗಿ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಬಹುದು. ಅದು ಇಂಥವರದೆಂದು ಬೆರಳು ಮಾಡಿ ತೋರಿಸುವಂಥದಲ್ಲ. ಅನೇಕರ ಮನೆಯ ಕಥೆಯೇ ಆಗಿರುವಂಥದು. ಟಿಕೋಟದ ಕಡೆಯ ಒಂದು ಹಳ್ಳಿಯಿಂದ ಬಂದ ಗೃಹಸ್ಥನೊಬ್ಬನು ಸ್ಟೇಷನ್ ರಸ್ತೆಯ ಆಸುಪಾಸಿನಲ್ಲಿ ಎರಡು ಕೋಣೆಯ ಮನೆಯಲ್ಲಿರುವನು. ಹೆಂಡತಿ, ಒಬ್ಬ ಮಗ, ಒಬ್ಬ ಮಗಳು. ಹಳ್ಳಿಯಲ್ಲಿ ವಯಸ್ಸಾದ ತಾಯಿ. ತಿಂಗಳಿಗೆ ಅವನ ಸಂಬಳ 24,000 ರೂಪಾಯಿ. ಬಾಡಿಗೆಗೆ 7,000, ದಿನಸಿ, ಕಾಯಿಪಲ್ಯ, ಗ್ಯಾಸಿಗೆ 6,500, ಮಕ್ಕಳ ಶಾಲೆ ಮತ್ತು ಟ್ಯೂಶನ್ನಿಗೆ 3,000, ಹಾಲಿಗೆ 1,500, ಫೋನು ಮತ್ತು ಟಿ.ವಿ.ಗೆ 900, ಮೋಟಾರು ಸೈಕಲ್ಲಿನ ಕಂತಿಗೆ 2,600, ಪೆಟ್ರೋಲಿಗೆ 1,500, ಹೊರಗಿನ ಚಹಾ ತಿಂಡಿಗೆ 1,800, ಔಷಧಕ್ಕೆ 800, ತಾಯಿಗೆ ಕಳುಹಿಸುವುದು 1,500, ಸೋಮವಾರದ ಜಂಗಮ ದಾಸೋಹಕ್ಕೂ ಮಠಕ್ಕೂ ಸೇರಿ 400. ಒಟ್ಟು 27,500. ಬರುವುದಕ್ಕಿಂತ ಹೋಗುವುದು 3,500 ಹೆಚ್ಚು. ನಾಲ್ಕು ತಿಂಗಳು ಗೆಳೆಯರಿಂದ ಕೈಗಡ ತಂದು ನಿಭಾಯಿಸಿದನು. ಐದನೆಯ ತಿಂಗಳು ಗೆಳೆಯರು ಬೇರೆ ದಾರಿ ಹಿಡಿದು ನಡೆಯತೊಡಗಿದರು. ನೂರಕ್ಕೆ ಮೂರರಂತೆ ತಿಂಗಳ ಬಡ್ಡಿಗೆ ಕೊಡುವವನೊಬ್ಬನು ಮಾತ್ರ ಎದುರಿಗೆ ನಿಂತಿದ್ದನು.

ಒಂದು ರಾತ್ರಿ ಆ ಗೃಹಸ್ಥನು ಮಗನ ನೋಟುಬುಕ್ಕಿನ ಹಾಳೆಯ ಮೇಲೆ ಈ ಲೆಕ್ಕವನ್ನೆಲ್ಲ ಬರೆದು, ಖರ್ಚು ಕಡಿಮೆ ಮಾಡಲೇಬೇಕೆಂದು ನಿಶ್ಚಯಿಸಿ ನಾಲ್ಕು ಗೆರೆಗಳನ್ನು ಎಳೆದನು. ತಾಯಿಯ 1,500ರ ಮೇಲೆ ಒಂದು ಗೆರೆ. ದಾಸೋಹದ 400ರ ಮೇಲೆ ಒಂದು ಗೆರೆ. ಹೆಂಡತಿಯ ರಕ್ತದೊತ್ತಡದ ಗುಳಿಗೆಗೆ ತಗಲುವ 600ರ ಮೇಲೆ ಒಂದು ಗೆರೆ. ಮೈಯಲ್ಲಿ ಏನೂ ಕಾಣುವುದಿಲ್ಲವಷ್ಟೆ, ಕೆಲವು ದಿನ ಬಿಟ್ಟರೆ ನಡೆದೀತು ಎಂಬುದು ಅವನ ಎಣಿಕೆ. ಮಗಳ ಟ್ಯೂಶನ್ನಿನ 1,000ದ ಮೇಲೆ ಒಂದು ಗೆರೆ. ಕೂಡಿಸಿದರೆ ಸರಿಯಾಗಿ 3,500. ಲೆಕ್ಕವು ಕೂಡಿತೆಂದು ಅವನಿಗೆ ಸಮಾಧಾನವಾಯಿತು. ಹೆಂಡತಿಯು ಹಾಳೆಯನ್ನು ತೆಗೆದುಕೊಂಡು ಬಹಳ ಹೊತ್ತು ನೋಡಿ ಹೇಳಿದಳು:

"ಲೆಕ್ಕ ಕೂಡೇದರಿ. ಆದರ ಎಳೆದ ಗೆರಿ ನಾಲ್ಕೂ ಮಂದಿ ಹೆಸರಿನ ಮ್ಯಾಲೆ ಅದಾವು. ನಿಮ್ಮ ಹೆಸರಿನ ಮ್ಯಾಲೆ ಒಂದೂ ಇಲ್ಲ ನೋಡ್ರಿ."

ಈ ಒಂದು ಮಾತಿನಲ್ಲಿ ಮಿತವ್ಯಯದ ಧರ್ಮಾಧರ್ಮಗಳೆರಡೂ ಅಡಗಿವೆ. ಖರ್ಚು ಕಡಿಮೆ ಮಾಡುವುದು ಸುಲಭ; ಯಾರ ಪಾಲಿನ ಖರ್ಚು ಎಂಬುದೇ ಕಠಿಣವಾದ ಪ್ರಶ್ನೆ. ತನ್ನ ನಾಲಗೆಯನ್ನು ಕಟ್ಟಿ ಉಳಿಸಿದ ಹಣವು ಒಂದು. ಇನ್ನೊಬ್ಬರ ಹೊಟ್ಟೆಯನ್ನು ಕಟ್ಟಿ ಉಳಿಸಿದ ಹಣವು ಮತ್ತೊಂದು. ಹಾಳೆಯ ಮೇಲೆ ಎರಡೂ ಒಂದೇ ಅಂಕೆಯಾಗಿ ಕಾಣಬಹುದು. ಲಿಂಗದ ಮುಂದೆ ಎರಡೂ ಒಂದೇ ಅಲ್ಲ.

ಇಲ್ಲಿ ಸದ್ಭಕ್ತರಲ್ಲಿ ಒಂದು ಸಂದೇಹವು ಏಳುವುದು ಸಹಜ. ಇಂದಿಗೆ ಬೇಕು, ನಾಳೆಗೆ ಬೇಕು ಎಂದು ಹೊನ್ನನ್ನಾಗಲಿ ಬಟ್ಟೆಯನ್ನಾಗಲಿ ಕೂಡಿಡುವುದಿಲ್ಲವೆಂದು ಬಸವಣ್ಣನವರು ಆಣೆಯಿಟ್ಟು ನುಡಿದಿರುವರು. ಅಸಂಗ್ರಹವೇ ಶರಣರ ಮಾರ್ಗವಾಗಿರುವಾಗ ಗೃಹಸ್ಥನಾದವನು ಹಣವನ್ನು ಉಳಿಸಬಹುದೇ? ಉಳಿಸೆಂದು ಹೇಳುವುದು ಶರಣರ ಮಾತಿಗೆ ವಿರೋಧವಾಗದೇ? ಕೆಲವರು ಈ ಮಾತನ್ನೇ ಆಧಾರವಾಗಿಟ್ಟುಕೊಂಡು ಬಂದುದೆಲ್ಲವನ್ನೂ ಮನಬಂದಂತೆ ತೂರಿ, 'ಶಿವ ಕೊಟ್ಟಾನು' ಎಂದು ಕೈಚೆಲ್ಲಿ ಕುಳಿತುಕೊಳ್ಳುವುದುಂಟು. ಮತ್ತೆ ಕೆಲವರು ಇದನ್ನು ಸಂನ್ಯಾಸಿಗಳಿಗೆ ಹೇಳಿದ ಮಾತೆಂದು ಬದಿಗಿಟ್ಟು, ಗಂಟಿನ ಮೇಲೆ ಗಂಟನ್ನು ಕಟ್ಟುವುದರಲ್ಲಿಯೇ ಜನ್ಮವನ್ನು ಸವೆಸುವುದೂ ಉಂಟು. ಇವೆರಡೂ ಶರಣರ ಮಾತಿನ ಅರ್ಥವನ್ನು ತಿಳಿಯದ ದಾರಿಗಳು.

ಮೊದಲನೆಯದಾಗಿ, ಆ ಮಾತನ್ನಾಡಿದ ಬಸವಣ್ಣನವರು ಸಂನ್ಯಾಸಿಗಳಲ್ಲ. ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಹುಟ್ಟಿ, ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಗಳಾಗಿ, ಮಡದಿಯರೊಡನೆ ಸಂಸಾರದಲ್ಲಿದ್ದವರು. ಭಂಡಾರದ ಹಣವನ್ನು ಜಂಗಮರಿಗೆ ಸುರಿದರೆಂದು ಅವರ ಮೇಲೆ ಚಾಡಿ ಹೇಳಿದವರಿದ್ದರು. ಲೆಕ್ಕ ನೋಡಿದಾಗ ಭಂಡಾರವು ಒಂದು ಹಣವೂ ಕೊರತೆಯಿಲ್ಲದೆ ಸರಿಯಾಗಿದ್ದಿತೆಂದು ಬಸವಪುರಾಣದ ಸಂಪ್ರದಾಯವು ಹೇಳುತ್ತದೆ. ಇದರಲ್ಲಿ ಪವಾಡವನ್ನು ಕಾಣುವವರು ಪವಾಡವನ್ನು ಕಾಣಲಿ. ಗೃಹಸ್ಥನು ಕಾಣಬೇಕಾದುದು ಇಷ್ಟು: ಕೊಡುಗೈ ದಾಸೋಹಿಯಾದವನ ಲೆಕ್ಕವೂ ಅಚ್ಚುಕಟ್ಟಾಗಿರಬಲ್ಲದು. ಔದಾರ್ಯಕ್ಕೂ ಲೆಕ್ಕಕ್ಕೂ ವೈರವಿಲ್ಲ. ಲೆಕ್ಕವಿಲ್ಲದ ಔದಾರ್ಯವು ಬಹಳ ಮಟ್ಟಿಗೆ ಇನ್ನೊಬ್ಬರ ಹಣದಿಂದ ನಡೆಯುವ ಔದಾರ್ಯವಾಗಿರುತ್ತದೆ.

ಎರಡನೆಯದಾಗಿ, ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಚರಿತ್ರೆಯು ಈ ಸಂದೇಹಕ್ಕೆ ನೇರವಾದ ಉತ್ತರವಾಗಿದೆ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳೂ ಒಂದು ಅರ್ಥದಲ್ಲಿ ಹಳ್ಳಿಯನ್ನು ಬಿಟ್ಟು ದೊಡ್ಡ ನಗರಕ್ಕೆ ಬಂದವರೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯ ಕಾಳುಗಳನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಅದನ್ನು ಅಡಿಗೆ ಮಾಡಿ ಜಂಗಮಕ್ಕೆ ನೀಡಿ ತಾವು ಪ್ರಸಾದ ಸ್ವೀಕರಿಸುವುದು ಅವರ ನಿತ್ಯನೇಮ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದರು. ಲಕ್ಕಮ್ಮನವರು ಅದನ್ನು ಒಳಗೆ ಒಯ್ಯಲಿಲ್ಲ. ಇಷ್ಟು ಅಕ್ಕಿ ಎಲ್ಲಿಯದು, ಈ ಹೆಚ್ಚಿನಾಸೆ ತಮಗೇಕೆ ಬಂದಿತು, ಒಂದು ಮನ ಬಿಟ್ಟು ಎರಡು ಮನವಾಯಿತೇ ಎಂಬರ್ಥದಲ್ಲಿ ಪತಿಯನ್ನು ಎಚ್ಚರಿಸಿ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಮಾಡಿದರು.

ಈ ಚರಿತ್ರೆಯಲ್ಲಿ ಎರಡು ಪಾಠಗಳಿವೆ. ಅಸಂಗ್ರಹದ ಪಾಠವನ್ನು ಎಲ್ಲರೂ ನೆನೆಯುವರು. ಅದರ ಹಿಂದೆಯೇ ಇರುವ ಇನ್ನೊಂದನ್ನು ಮರೆಯುವರು. ಮಾರಯ್ಯನವರ ಕಾಯಕವಾದರೂ ಯಾವುದು? ಚೆಲ್ಲಿಹೋದ ಕಾಳನ್ನು ಹಾಳಾಗಗೊಡದೆ ಆಯ್ದು ತರುವುದು! ಅವರು ದಾಸೋಹ ನಡೆಸಿದುದು ಇತರರು ತುಳಿದು ನಡೆದ ಅಕ್ಕಿಯಿಂದ. ಆದುದರಿಂದ ಹಾಳು ಮಾಡದಿರುವುದು, ಹೆಚ್ಚಿನದನ್ನು ಬಯಸದಿರುವುದು, ಇರುವುದನ್ನು ಹಂಚಿಕೊಳ್ಳುವುದು ಈ ಮೂರೂ ಒಂದೇ ದಾರದ ಮೂರು ಎಳೆಗಳು. ಒಂದೆಳೆಯನ್ನು ಕಿತ್ತರೆ ಉಳಿದೆರಡೂ ಬಿಚ್ಚಿಕೊಳ್ಳುವುವು. ಹಾಳು ಮಾಡದೆ ಉಳಿಸಿ ಹಂಚದಿರುವವನು ಲೋಭಿ. ಹಂಚುವೆನೆಂದು ಹೇಳುತ್ತ ಹಾಳು ಮಾಡುವವನು ಅವಿವೇಕಿ.

ಶರಣರು ತ್ಯಜಿಸಿದ 'ನಾಳೆ'ಯು ಯಾವುದು ಎಂಬುದನ್ನು ಇಲ್ಲಿ ತಿಳಿಯಬೇಕು. ಆಸೆಯ ನಾಳೆ ಬೇರೆ, ಹೊಣೆಯ ನಾಳೆ ಬೇರೆ. ವಿಜಾಪುರ ಸೀಮೆಯ ರೈತರಿಗೆ ಇದನ್ನು ತಿಳಿಸಲು ಹಗೇವಿಗಿಂತ ಉತ್ತಮವಾದ ಉಪಮಾನವಿಲ್ಲ. ಮಳೆಯನ್ನು ನಂಬಲಾಗದ ಈ ಕರಿನೆಲದಲ್ಲಿ ಹಿಂದಿನವರು ಬಿಳಿಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿ ಇಡುತ್ತಿದ್ದರು. 1876ರಿಂದ 1878ರ ವರೆಗಿನ ಮಹಾಬರವು ಈ ಸೀಮೆಯನ್ನು ಕಾಡಿದ ಕಾಲವನ್ನು ನೆನೆದರೆ ಒಂದು ಹಗೇವಿನ ಬೆಲೆ ಏನೆಂಬುದು ತಿಳಿದೀತು. ಹಗೇವು ತುಂಬಿದವನು ಲೋಭಿಯೇ? ಅದನ್ನು ತುಂಬುವಾಗ ಹೇಳಲು ಬರುವುದಿಲ್ಲ. ತೆರೆಯುವಾಗ ಹೇಳಬಹುದು. ಬರದಲ್ಲಿ ಬೆಲೆ ಏರಲೆಂದು ಬಾಯಿ ಮುಚ್ಚಿ ಕುಳಿತವನದು ಸಂಗ್ರಹ. ಮನೆಯವರಿಗೂ ನೆರೆಯವರಿಗೂ ತೆರೆದವನದು ದಾಸೋಹ. ಮಣ್ಣು ಒಂದೇ, ಜೋಳ ಒಂದೇ, ಇಟ್ಟವನ ಮನಸ್ಸು ಬೇರೆ. ನಗರವಾಸಿಯ ಉಳಿಕೆಯೂ ಇಂಥ ಹಗೇವೇ. ಬೇನೆ ಬಂದ ದಿನ, ಕೆಲಸ ತಪ್ಪಿದ ತಿಂಗಳು, ಹಳ್ಳಿಯಲ್ಲಿ ತಾಯಿ ಬಿದ್ದು ಕಾಲು ಮುರಿದುಕೊಂಡ ರಾತ್ರಿ, ಇವು ಅವನ ಬರಗಾಲಗಳು. ಅಂದು ತೆರೆಯಲು ಏನೂ ಇಲ್ಲದವನು ಬಡ್ಡಿಯವನ ಬಾಗಿಲಿಗೆ ಹೋಗಲೇಬೇಕಾಗುವುದು.

ಸಾಲದ ಸ್ವರೂಪವನ್ನು ಸ್ವಲ್ಪ ವಿಚಾರಿಸಿದರೆ ಅಸಂಗ್ರಹದ ಹೆಸರಿನಲ್ಲಿ ಮಾಡುವ ದುಂದುಗಾರಿಕೆಯು ಎಷ್ಟು ಹುಸಿಯೆಂಬುದು ಗೊತ್ತಾಗುವುದು. ನೂರಕ್ಕೆ ಮೂರು ರೂಪಾಯಿಯ ಬಡ್ಡಿ ಎಂದರೆ ಕೇಳುವುದಕ್ಕೆ ಹಗುರು. ಅದು ತಿಂಗಳಿಗೆ ಎಂಬುದನ್ನು ಮರೆಯಬಾರದು. ವರ್ಷಕ್ಕೆ ಅದು ನೂರಕ್ಕೆ ಮೂವತ್ತಾರು. 10,000 ರೂಪಾಯಿ ತಂದವನು ತಿಂಗಳಿಗೆ 300ರಂತೆ ಕಟ್ಟುತ್ತ ಹೋದರೆ ಮೂರು ವರ್ಷ ತುಂಬುವುದರೊಳಗೆ ತಂದಷ್ಟೇ ಹಣವನ್ನು ಬಡ್ಡಿಯಾಗಿ ಕೊಟ್ಟಿರುವನು. ಅಸಲಿನ ಹತ್ತು ಸಾವಿರವು ಹಾಗೆಯೇ ಕುಳಿತಿರುವುದು. ನಾಳೆಗೆಂದು ಕೂಡಿಡಬಾರದೆಂದು ಹೇಳಿದ ಶರಣರು, ನಾಳೆಯ ದುಡಿಮೆಯನ್ನು ಇಂದೇ ತಿಂದು ಬಿಡೆಂದು ಎಲ್ಲಿಯೂ ಹೇಳಲಿಲ್ಲ. ಸಾಲಗಾರನ ನಾಳೆಯು ಅವನ ಕೈಯಲ್ಲಿರುವುದಿಲ್ಲ, ಅದು ಮಾರಾಟವಾಗಿಹೋಗಿರುವುದು. ಅಂಥವನು ದಾಸೋಹ ಮಾಡುವುದಾದರೂ ಎಂತು?

ಇನ್ನು ದಿನನಿತ್ಯದ ವೆಚ್ಚಗಳಲ್ಲಿ ಹಾಳಾಗುವುದು ಎಲ್ಲಿ, ಉಳಿಯುವುದು ಎಲ್ಲಿ ಎಂಬುದನ್ನು ನೋಡಬೇಕು. ಅನ್ನದಿಂದಲೇ ಆರಂಭಿಸುವುದು ಯೋಗ್ಯ. ಲಿಂಗಕ್ಕೆ ಅರ್ಪಿಸಿ ಸ್ವೀಕರಿಸಿದ ಅನ್ನವು ಪ್ರಸಾದವಾಗುವುದು. ಪ್ರಸಾದದ ಒಂದಗುಳನ್ನೂ ಚೆಲ್ಲದೆ, ತಾಟನ್ನು ತೊಳೆದು ಆ ನೀರನ್ನೂ ಕುಡಿಯುವ ಹಿರಿಯರನ್ನು ಹಳ್ಳಿಗಳಲ್ಲಿ ಎಷ್ಟೋ ಜನರು ಕಂಡಿರುವರು. ಅದನ್ನು ಬಡತನದ ಲಕ್ಷಣವೆಂದು ತಿಳಿದ ಮಕ್ಕಳು ನಗರಕ್ಕೆ ಬಂದು ಅರ್ಧ ತಾಟನ್ನು ಕಸದ ಬುಟ್ಟಿಗೆ ಸುರಿಯಲು ಕಲಿತರು. ಹೊಸ ಜೋಳವು ಸುಗ್ಗಿಯಲ್ಲಿ ಪೇಟೆಗೆ ಬಂದಾಗ ಕೊಂಡು, ಒಣಗಿಸಿ, ಬೇವಿನ ಎಲೆ ಹಾಕಿ ಡಬ್ಬಿಯಲ್ಲಿ ತುಂಬಿದರೆ ಆಷಾಢದ ಬೆಲೆಯನ್ನು ಕೊಡಬೇಕಾಗುವುದಿಲ್ಲ. ಕಟಿರೊಟ್ಟಿ, ಶೇಂಗಾ ಹಿಂಡಿ, ಮೊಳಕೆ ಬರಿಸಿದ ಕಾಳು, ಮಜ್ಜಿಗೆ ಇವು ಈ ಸೀಮೆಯ ಹಿರಿಯರು ಬರಗಾಲವನ್ನು ಎದುರಿಸಿ ಕಂಡುಕೊಂಡ ಆಹಾರ. ಇವುಗಳಲ್ಲಿ ಪುಷ್ಟಿಯೂ ಉಂಟು, ಮಿತವೂ ಉಂಟು, ಕೆಡದೆ ಉಳಿಯುವ ಗುಣವೂ ಉಂಟು. ಬುತ್ತಿ ಕಟ್ಟಿಕೊಂಡು ಹೋಗುವವನು ಹೋಟೆಲಿನ ಮುಂದೆ ಬಡವನಾಗಿ ಕಾಣಬಹುದು; ತಿಂಗಳ ಕೊನೆಗೆ ಹಾಗೆ ಕಾಣುವುದಿಲ್ಲ. ದಿನಕ್ಕೆ 20 ರೂಪಾಯಿಯ ಚಹಾ ಎಂದರೆ ತಿಂಗಳಿಗೆ 600, ವರ್ಷಕ್ಕೆ 7,200. ಚಹಾ ಕುಡಿಯುವುದು ಪಾಪವಲ್ಲ. ಲೆಕ್ಕವಿಲ್ಲದೆ ಕುಡಿದು, ತಾಯಿಗೆ ಕಳುಹಿಸಲು ಹಣವಿಲ್ಲವೆನ್ನುವುದು ಪಾಪ.

ನೀರು ಮತ್ತು ಬೆಳಕಿನ ವಿಷಯದಲ್ಲಿಯೂ ಹೀಗೆಯೇ. ಸೆಕೆಂಡಿಗೆ ಒಂದು ಹನಿಯಂತೆ ಸೋರುವ ನಲ್ಲಿಯು ದಿನಕ್ಕೆ 86,400 ಹನಿಗಳನ್ನು ಚೆಲ್ಲುವುದು. ಇಪ್ಪತ್ತು ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೂ ನಾಲ್ಕು ಲೀಟರಿಗೆ ಮೀರಿತು. ನೀರಿಗಾಗಿ ಮೈಲುಗಟ್ಟಲೆ ಕೊಡ ಹೊತ್ತ ತಾಯಂದಿರ ಮಕ್ಕಳು ಇದನ್ನು ಕೇಳಿ ಸುಮ್ಮನಿರಲಾಗದು. 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ ಒಂಬತ್ತು ಯೂನಿಟ್ಟು. ಸುಮಾರಾಗಿ ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿ ದೀಪಕ್ಕೆ ಒಂದೂವರೆ ಯೂನಿಟ್ಟೂ ಬೇಡ. 2023ರ ಆಗಸ್ಟಿನಿಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಮಿತಿಯೊಳಗಿನ ಮನೆಬಳಕೆಗೆ ಸರಕಾರವೇ ಹಣ ತೆರುತ್ತ ಬಂದಿರುವುದರಿಂದ, 'ಪುಕ್ಕಟೆ ಬಂದದ್ದನ್ನು ಉಳಿಸುವುದೇಕೆ' ಎಂದು ಕೇಳುವವರೂ ಇದ್ದಾರೆ. ಪುಕ್ಕಟೆ ಎಂಬುದು ಲೋಕದಲ್ಲಿ ಯಾವುದೂ ಇಲ್ಲ. ತಾನು ಕೊಡದಿದ್ದರೆ ಇನ್ನಾರೋ ಕೊಟ್ಟಿರುವರು. ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯೂ ಮಾರಯ್ಯನವರಿಗೆ ಪುಕ್ಕಟೆಯೇ ಆಗಿದ್ದಿತು. ಆದರೂ ಅದು ಮಿತಿ ಮೀರಿದಾಗ ಲಕ್ಕಮ್ಮನವರು ಒಪ್ಪಲಿಲ್ಲ. ನಾಡಿನ ಬೊಕ್ಕಸವೂ ಮಹಾಮನೆಯ ಅಂಗಳವೇ ಎಂದು ಗೃಹಸ್ಥನು ತಿಳಿಯಬೇಕು.

ಅಂತೆಯೇ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಸರಕಾರಿ ಬಸ್ಸುಗಳಲ್ಲಿ ಟಿಕೇಟಿನ ಹಣ ಕೊಡದೆ ಪ್ರಯಾಣ ಮಾಡುವಂತಾಯಿತು. ಉಳಿದ ಆ ಹಣವು ಎಲ್ಲಿ ಹೋಯಿತೆಂದು ಪ್ರತಿಯೊಂದು ಮನೆಯೂ ತನ್ನನ್ನು ತಾನೇ ಕೇಳಿಕೊಳ್ಳುವುದು ಒಳ್ಳೆಯದು. ಮಗಳ ಪುಸ್ತಕಕ್ಕೆ ಹೋಗಿದ್ದರೆ, ಅತ್ತೆಯ ಕಣ್ಣಿನ ಚಿಕಿತ್ಸೆಗೆ ಹೋಗಿದ್ದರೆ ಅದು ಸಾರ್ಥಕ. ಔಷಧದ ವಿಷಯದಲ್ಲಿ ಒಂದು ಮಾತು ಅವಶ್ಯ: ಗುಳಿಗೆಯನ್ನು ಬಿಡುವುದು ಉಳಿತಾಯವಲ್ಲ. ರಕ್ತದೊತ್ತಡ, ಮಧುಮೇಹಗಳು ಸದ್ದಿಲ್ಲದೆ ಬೆಳೆದು, ಒಂದು ದಿನ ಮನೆಯ ಕಂಬವನ್ನೇ ಕೆಡಹುವುವು. ವೈದ್ಯರನ್ನು ಕೇಳಿ ಅದೇ ಮದ್ದನ್ನು ಜನೌಷಧಿ ಕೇಂದ್ರದಲ್ಲಿ ಕೊಂಡರೆ ಕಡಿಮೆ ಬೆಲೆಗೆ ದೊರೆಯುವುದು. ಹೆಸರಿಗೆ ಕೊಡುವ ಬೆಲೆಯನ್ನು ಬಿಡಬಹುದು, ಮದ್ದನ್ನು ಬಿಡಲಾಗದು.

ಆಡಂಬರವು ಇವೆಲ್ಲಕ್ಕಿಂತ ದೊಡ್ಡ ಸೋರಿಕೆ. ಹತ್ತು ವರ್ಷ ನಲ್ಲಿ ತಿರುಗಿಸಿ ಉಳಿಸಿದ ಹಣವನ್ನು ಒಂದು ಲಗ್ನದ ಮಂಟಪವು ಒಂದೇ ದಿನದಲ್ಲಿ ನುಂಗುವುದು. ವಿಜಾಪುರದವರು ಬಾರಾಕಮಾನನ್ನು ನಿತ್ಯ ನೋಡುತ್ತಿರುವರು. ಎರಡನೆಯ ಅಲಿ ಆದಿಲ್‌ಶಾಹನಿಗಾಗಿ ಆರಂಭವಾದ ಆ ಗೋರಿಯ ಕಟ್ಟಡವು 1672ರಲ್ಲಿ ಅವನು ತೀರಿಕೊಂಡಾಗ ಪೂರ್ಣವಾಗಿರಲಿಲ್ಲ. ಇಂದಿಗೂ ಕಮಾನುಗಳು ಮಾತ್ರ ಆಕಾಶದ ಕೆಳಗೆ ನಿಂತಿವೆ. ಅರಸರ ಭಂಡಾರಕ್ಕೇ ಮುಗಿಸಲಾಗದ ಕೆಲಸಗಳಿರುವಾಗ ಸಂಬಳದವನು ನೆರೆಯವನ ಮಂಟಪಕ್ಕೆ ಸಮನಾಗಿ ಮಂಟಪ ಕಟ್ಟಿಸಲು ಹೊರಡುವುದು ಯಾವ ವಿವೇಕ? ಮಠಗಳಲ್ಲಿ ನಡೆಯುವ ಸಾಮೂಹಿಕ ವಿವಾಹಗಳಿಗೆ ತನ್ನ ಮಗಳನ್ನು ಕರೆತರಲು ನಾಚುವ ಗೃಹಸ್ಥನು, ಬಡ್ಡಿಯವನು ಬಂದು ಬಾಗಿಲು ಬಡಿದಾಗ ಹೆಚ್ಚಾಗಿ ನಾಚಬೇಕಾಗುವುದು.

ಮಿತವ್ಯಯಕ್ಕೆ ಒಂದು ಎಲ್ಲೆಯುಂಟು. ಅದನ್ನು ದಾಟಿದರೆ ಅದು ಜಿಪುಣತನವಾಗುವುದು. ಮಳಿಗೆಯಲ್ಲಿ ಬರೆದ ಬೆಲೆಯನ್ನು ತುಟಿ ಬಿಚ್ಚದೆ ಕೊಟ್ಟು ಬಂದವನು, ಬಿಸಿಲಲ್ಲಿ ಕುಳಿತು ಮೆಂತೆಪಲ್ಯ ಮಾರುವ ಮುದುಕಿಯೊಡನೆ ಎರಡು ರೂಪಾಯಿಗೆ ಕಾಲು ತಾಸು ಚೌಕಾಸಿ ಮಾಡುವನು. ಉಳಿಸಿದುದು ಎರಡು ರೂಪಾಯಿ, ಕಳೆದುಕೊಂಡುದು ದಯೆ. ದಯೆಯನ್ನೇ ಧರ್ಮದ ಮೂಲವೆಂದು ತಿಳಿದ ಪರಂಪರೆಯವರಿಗೆ ಈ ವ್ಯಾಪಾರದಲ್ಲಿ ಲಾಭವಿಲ್ಲ. ಆಕೆಯೂ ಕಾಯಕಜೀವಿ, ಹುಲ್ಲಿನ ಹಗ್ಗ ಹೊಸೆದು ಮಾರಿ ದಾಸೋಹ ನಡೆಸಿದ ನುಲಿಯ ಚಂದಯ್ಯನವರೂ ಹೀಗೆಯೇ ಪೇಟೆಯಲ್ಲಿ ನಿಂತವರು ಎಂಬುದನ್ನು ನೆನೆಯಬೇಕು.

ತನ್ನ ಮೇಲೆ ಬಿಗಿ, ಲೋಕದ ಮೇಲೆ ಸಡಿಲು ಎಂಬ ನಡೆಯನ್ನು ಈ ಊರಿನಲ್ಲಿಯೇ ಬದುಕಿ ತೋರಿಸಿದವರಿದ್ದಾರೆ. ಫ. ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ವಕೀಲರಾಗಿದ್ದರು. ಆ ವೃತ್ತಿಯಲ್ಲಿ ಸುಖವಾಗಿ ಇರಬಹುದಾಗಿದ್ದವರು ಹಳ್ಳಿಹಳ್ಳಿಯ ಮನೆಗಳಲ್ಲಿದ್ದ ತಾಡವೋಲೆಗಳನ್ನು ಹುಡುಕಿ ವಚನಗಳನ್ನು ಸಂಗ್ರಹಿಸುವುದಕ್ಕೆ ತಮ್ಮ ಗಳಿಕೆಯನ್ನು ಸುರಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಹೊರಬಂದಿತು. 1926ರಲ್ಲಿ 'ಶಿವಾನುಭವ' ಪತ್ರಿಕೆಯು ಆರಂಭವಾಯಿತು. ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಅವರ ಹಳೆಯ ಕೋಟು, ಸೈಕಲ್ಲುಗಳ ಮಾತು ಇಂದಿಗೂ ಜನರ ಬಾಯಲ್ಲಿದೆ. ಇಂದು ಮನೆಮನೆಯಲ್ಲಿ ಬಸವಾದಿ ಶರಣರ ವಚನಗಳು ಓದಲು ಸಿಕ್ಕುವುವಾದರೆ, ಆ ಹಳೆಯ ಕೋಟಿನಲ್ಲಿ ಉಳಿದ ಹಣದ ಪಾಲೂ ಅದರಲ್ಲಿದೆಯೆಂದು ತಿಳಿಯಬೇಕು.

ಅವರ ಇನ್ನೊಂದು ಕಾರ್ಯವು ಈ ವಿಷಯಕ್ಕೆ ಇನ್ನೂ ಸಮೀಪವಾದುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ರೈತರ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿ ಈ ನಾಡಿಗೆ ದಾರಿ ತೋರಿದ್ದರು. 1912ರಲ್ಲಿ ಹಳಕಟ್ಟಿಯವರು ವಿಜಾಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿನ ಸ್ಥಾಪನೆಗೆ ಕಾರಣರಾದರು. ಸಹಕಾರದ ತತ್ತ್ವವಾದರೂ ಏನು? ಒಬ್ಬನ ಮನೆಯಲ್ಲಿ ಉಳಿದ ನೂರು ರೂಪಾಯಿಯು ಪೆಟ್ಟಿಗೆಯಲ್ಲಿ ಮಲಗದೆ, ಬಡ್ಡಿಯವನ ಹಿಡಿತದಲ್ಲಿ ಸಿಕ್ಕಿದ ಇನ್ನೊಬ್ಬನಿಗೆ ನ್ಯಾಯವಾದ ಬಡ್ಡಿಗೆ ಆಧಾರವಾಗುವುದು. ಮುಂದೆ ಅವನ ಉಳಿಕೆಯು ಮೂರನೆಯವನಿಗೆ ಆಧಾರವಾಗುವುದು. ಅಸಂಗ್ರಹ ಮತ್ತು ಉಳಿತಾಯಗಳ ನಡುವಿನ ವಿರೋಧವು ಇಲ್ಲಿ ಕರಗುವುದು. ಉಳಿಸಿದುದು ತನ್ನದೆಂಬ ಭಾವವಿಲ್ಲದೆ ಸಮಾಜದ ಕೈಯಲ್ಲಿ ಓಡಾಡಿದರೆ ಅದು ಊರಿಗೆಲ್ಲ ಒಂದು ಹಗೇವು. ಆದರೆ ಹಣವಿಡುವ ಮೊದಲು ಸಂಸ್ಥೆಯ ಲೆಕ್ಕವನ್ನು ಕೇಳಿ ನೋಡುವುದೂ ಭಕ್ತನ ಕರ್ತವ್ಯವೇ. ಬೇಗ ಇಮ್ಮಡಿ ಮಾಡಿಕೊಡುವೆನೆಂಬವನ ಮಾತಿಗೆ ಮರುಳಾದರೆ ವರುಷಗಳ ಉಳಿಕೆಯು ಒಂದು ದಿನದಲ್ಲಿ ಹೋಗುವುದು.

ಇತ್ತೀಚಿನ ಕಾಲದಲ್ಲಿ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳನ್ನು ಕಂಡವರು ಲಕ್ಷಾಂತರ. ಟಿಕೋಟ ಸೀಮೆಯ ಬಿಜ್ಜರಗಿಯಲ್ಲಿ ಹುಟ್ಟಿದ ಅವರು ಧರಿಸುತ್ತಿದ್ದುದು ಕಿಸೆಯಿಲ್ಲದ ಬಿಳಿಯ ಅಂಗಿ. 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಲಿಂಗೈಕ್ಯರಾಗುವ ಮೊದಲೇ ತಮಗೆ ಸ್ಮಾರಕ ಬೇಡವೆಂದು ಬರೆದಿಟ್ಟಿದ್ದರು. ಗೃಹಸ್ಥನು ಅಂಗಿಯ ಕಿಸೆಯನ್ನು ತೆಗೆಸಬೇಕಾಗಿಲ್ಲ. ಕಿಸೆಗೆ ಕೈ ಹೋಗುವಾಗ ಆ ಅಂಗಿಯನ್ನು ಒಮ್ಮೆ ನೆನೆದರೆ ಸಾಕು.

ಈಗ ಮತ್ತೆ ಆ ಎರಡು ಕೋಣೆಯ ಮನೆಗೆ ಬರಬಹುದು. ಹೆಂಡತಿಯ ಮಾತು ಕೇಳಿ ಗೃಹಸ್ಥನು ಮೊದಲು ಸಿಟ್ಟಾದನು. ಅನಂತರ ತಲೆ ತಗ್ಗಿಸಿ ಕುಳಿತನು. ಆಕೆಯೇ ಮತ್ತೆ, "ಟೀವ್ಹಿ ನೋಡಾಕಿ ನಾನು. ಮೊದಲ ಅದಕ್ಕ ಗೆರಿ ಎಳೀರಿ. ಆಮ್ಯಾಲೆ ನಿಮ್ಮದು ನೀವ ನೋಡ್ಕೋರಿ" ಎಂದಳು. ಹಾಳೆಯ ಹಿಂಬದಿಯಲ್ಲಿ ಹೊಸ ಲೆಕ್ಕವು ಆರಂಭವಾಯಿತು. ಬುತ್ತಿ ಕಟ್ಟಿಕೊಂಡು ಹೋದರೆ ಹೊರಗಿನ ತಿಂಡಿಯಲ್ಲಿ 1,300 ಉಳಿಯುವುದು. ಹತ್ತಿರದ ದಾರಿಯನ್ನು ನಡೆದರೆ ಪೆಟ್ರೋಲಿನಲ್ಲಿ 800. ಫೋನು, ಟಿ.ವಿ.ಯಲ್ಲಿ 400. ಗುಳಿಗೆಯನ್ನು ಬಿಡದೆ ಅಂಗಡಿಯನ್ನು ಬದಲಿಸಿದರೆ 350. ದಿನಸಿಯಲ್ಲಿ ಹಾಳಾಗುವುದನ್ನು ತಡೆದರೆ 600. ಒಟ್ಟು 3,450. ಐವತ್ತು ರೂಪಾಯಿ ಇನ್ನೂ ಕಡಿಮೆಯಾಯಿತು. ಆದರೆ ತಾಯಿಯ ಹೆಸರಿನ ಮೇಲಿದ್ದ ಗೆರೆಯನ್ನು ಮಗಳು ರಬ್ಬರಿನಿಂದ ಅಳಿಸಿದಳು. ತನ್ನ ಹೆಸರಿನದನ್ನೂ ಅಳಿಸಿಕೊಂಡಳು. ಸೋಮವಾರದ ದಾಸೋಹವು ನಿಲ್ಲಲಿಲ್ಲ. ಕೈಗಡ ಕೊಟ್ಟ ಗೆಳೆಯರ ಹಣವನ್ನು ತೀರಿಸುವ ಬಗೆಯು ಇನ್ನೂ ಉಳಿದಿದ್ದಿತು. ಮೋಟಾರು ಸೈಕಲ್ಲಿನ ಕಂತು ಮುಗಿದ ತಿಂಗಳಿನಿಂದ ಆ 2,600ನ್ನು ಅದಕ್ಕೇ ಸಲ್ಲಿಸುವುದೆಂದು ನಿಶ್ಚಯವಾಯಿತು. ನೂರಕ್ಕೆ ಮೂರರ ಬಾಗಿಲಿಗೆ ಅವನು ಹೋಗಲಿಲ್ಲ.

ಈ ಸಂಸಾರಕ್ಕೆ ಕತ್ತರಿಸಲು ಏನಾದರೂ ಇದ್ದಿತು. ಕತ್ತರಿಸಲು ಏನೂ ಇಲ್ಲದ ಸಂಸಾರಗಳೂ ಇದೇ ನಗರದಲ್ಲಿವೆ ಎಂಬುದನ್ನು ಮರೆಯಲಾಗದು. ಮೂರು ಹೊತ್ತಿಗೆ ರೊಟ್ಟಿ ಸಾಲದವನ ಮುಂದೆ ಮಿತವ್ಯಯದ ಉಪದೇಶ ಮಾಡುವುದು ಗಾಯದ ಮೇಲೆ ಉಪ್ಪು ಸುರಿದಂತೆ. ಅಂಥವರಿಗೆ ಬೇಕಾದುದು ಉಪದೇಶವಲ್ಲ, ಉಳ್ಳವರ ಉಳಿಕೆ. ಉಳ್ಳವನು ಉಳಿಸಬೇಕಾದುದು ಅದಕ್ಕಾಗಿಯೇ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಮರಳಿ ಸುರಿಸಿದುದು ಅದು ಮತ್ತೊಬ್ಬರ ಪಾಲಿನದೆಂದು. ಗೃಹಸ್ಥನ ಉಳಿಕೆಯಲ್ಲಿಯೂ ಮತ್ತೊಬ್ಬರ ಪಾಲು ಸದಾ ಇದ್ದೇ ಇರುವುದು.

ಆದುದರಿಂದ ಸದ್ಭಕ್ತನಾದವನು ತಿಂಗಳಿಗೊಮ್ಮೆ, ಸಂಜೆಯ ಲಿಂಗಪೂಜೆಯಾದ ಮೇಲೆ, ಮಡದಿ ಮಕ್ಕಳೊಡನೆ ಕುಳಿತು ಮನೆಯ ಲೆಕ್ಕವನ್ನು ನೋಡಲಿ. ಗೆರೆ ಎಳೆಯುವ ಮೊದಲು ಅದು ಯಾರ ಹೆಸರಿನ ಮೇಲೆ ಬೀಳುವುದೆಂದು ವಿಚಾರಿಸಲಿ. ಮೊದಲ ಗೆರೆಯು ತನ್ನ ಹೆಸರಿನ ಮೇಲಿರಲಿ. ಕೊನೆಯ ಗೆರೆಯೂ ದಾಸೋಹವನ್ನು ಮುಟ್ಟದಿರಲಿ. ಹೀಗೆ ನಡೆದವನ ಮನೆಯು ಎರಡೇ ಕೋಣೆಯದಾದರೂ ಮಹಾಮನೆಯಾಗುವುದು. ಸರ್ವರಿಗೂ ಸನ್ಮಂಗಳವಾಗಲಿ. ಶರಣು ಶರಣಾರ್ಥಿ.